ಯುದ್ಧಕಾಲದ ಸಾಗರೋತ್ತರ ವೈದ್ಯಕೀಯ ಸೇವೆಯಲ್ಲಿ ಅಪ್ರಾಪ್ತ ವಯಸ್ಸಿನ ಸ್ವಯಂಸೇವಕರು

ಪರದೇಶದ ಯುದ್ಧಭೂಮಿಯಲ್ಲಿ ಗಾಯಗೊಂಡ ಸೈನಿಕರ, ರೋಗಿಗಳ ಮತ್ತು ನಿರಾಶ್ರಿತರ ಆರೈಕೆಗೆಂದು, ಕಾನೂನು ಅಥವಾ ಆಯಾ ಸಂಸ್ಥೆಯ ನಿಯಮ ಗೊತ್ತುಪಡಿಸಿದ ವಯಸ್ಸು ತುಂಬುವ ಮೊದಲೇ ಸ್ವಂತ ಇಚ್ಛೆಯಿಂದ ಹೊರಟು ದುಡಿದ ಹುಡುಗ ಹುಡುಗಿಯರು ಆಧುನಿಕ ಯುದ್ಧಗಳ ಚರಿತ್ರೆಯಲ್ಲಿ ಉದ್ದಕ್ಕೂ ಕಾಣಸಿಗುತ್ತಾರೆ. ಆಂಬುಲೆನ್ಸ್ ಓಡಿಸುವುದು, ಸ್ಟ್ರೆಚರ್ ಹೊರುವುದು, ವಾರ್ಡುಗಳಲ್ಲಿ ದಾದಿಯರಿಗೆ ನೆರವಾಗುವುದು, ಆಸ್ಪತ್ರೆ ಹಡಗುಗಳಲ್ಲಿ ಓಲೆ ಒಯ್ಯುವುದು, ಹಸಿದವರಿಗೆ ಆಹಾರ ಹಂಚುವುದು ಇವರು ಮಾಡಿದ ಮುಖ್ಯ ಕೆಲಸಗಳು. 19ನೆಯ ಶತಮಾನದ ಉತ್ತರಾರ್ಧದಲ್ಲಿ ರೆಡ್ ಕ್ರಾಸ್ ಚಳವಳಿಯೊಂದಿಗೆ ರೂಪುಗೊಂಡ ಈ ಬಗೆಯ ಸೇವೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ (1914–18) ಅತ್ಯಂತ ವ್ಯಾಪಕವಾಗಿ ನಡೆಯಿತು. ಬಂದೂಕು ಹಿಡಿದ ಬಾಲಕರ ಬಗ್ಗೆ ನಡೆದಿರುವಷ್ಟು ಚರ್ಚೆ ಬ್ಯಾಂಡೇಜು ಹಿಡಿದ ಮಕ್ಕಳ ಬಗ್ಗೆ ನಡೆದಿಲ್ಲ. ಕೆಲಸ ಪುಣ್ಯದ್ದಾದ್ದರಿಂದ ಅದನ್ನು ಮಾಡುತ್ತಿರುವವರ ವಯಸ್ಸೆಷ್ಟು ಎಂದು ಕೇಳುವ ಅಗತ್ಯ ಬಹುಕಾಲ ಯಾರಿಗೂ ಕಾಣಲಿಲ್ಲವೆಂಬುದೇ ಇದಕ್ಕೆ ಕಾರಣವಾಗಿರಬೇಕು.

ಅಪ್ರಾಪ್ತ ವಯಸ್ಸು ಎಂಬುದಕ್ಕೆ ಎಲ್ಲ ಕಾಲಕ್ಕೂ ಹೊಂದುವ ಒಂದೇ ಗಡಿ ಇಲ್ಲ. ಬ್ರಿಟನ್ನಿನಲ್ಲಿ 1970ರವರೆಗೂ 21 ತುಂಬಿದವರು ಮಾತ್ರ ಕಾನೂನಿನ ಕಣ್ಣಿನಲ್ಲಿ ಪ್ರಾಪ್ತವಯಸ್ಕರಾಗಿದ್ದರು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿಯೂ 20ನೆಯ ಶತಮಾನದ ಬಹುಭಾಗ ಇದೇ ಸ್ಥಿತಿಯಿತ್ತು. ಸೇನೆಯ ಲೆಕ್ಕ ಬೇರೆಯಾಗಿತ್ತು: ಮೊದಲನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸೇನೆಗೆ ಸೇರಲು 18, ಸಮುದ್ರ ದಾಟಿ ಹೋರಾಡಲು 19 ವರ್ಷ ತುಂಬಿರಬೇಕಿತ್ತು. ಶುಶ್ರೂಷೆಯ ಲೆಕ್ಕ ಇನ್ನೂ ಬಿಗಿಯಾಗಿದ್ದು, ಹೊರದೇಶದ ಆಸ್ಪತ್ರೆಗೆ ಹೋಗಬಯಸುವ ಸ್ವಯಂಸೇವಕಿಗೆ 23 ವರ್ಷವಾಗಿರಬೇಕೆಂಬ ನಿಯಮವಿತ್ತು. ಹೀಗಾಗಿ 19ರ ಯುವಕನೊಬ್ಬ ಕಂದಕದಲ್ಲಿ ಸಾಯಲು ಅರ್ಹನಾಗಿದ್ದರೆ, ಅವನ ಅವಳಿ ಸೋದರಿ ಅವನ ಗಾಯ ತೊಳೆಯಲು ಅನರ್ಹಳಾಗಿದ್ದಳು. ಇಂದಿನ ಅಂತರರಾಷ್ಟ್ರೀಯ ಕಾನೂನಿನಲ್ಲಿ 15 ಮತ್ತು 18 ಎಂಬ ಎರಡು ಗಡಿಗಳಿವೆ. ಪ್ರಸ್ತುತ ಲೇಖನದಲ್ಲಿ ಆಯಾ ಕಾಲದ ನಿಯಮವನ್ನೇ ಅಳತೆಯಾಗಿ ಇಟ್ಟುಕೊಳ್ಳಲಾಗಿದೆ.

ಯುದ್ಧದ ಗಾಯಾಳುಗಳನ್ನು ಸ್ವಯಂಪ್ರೇರಣೆಯಿಂದ ನೋಡಿಕೊಳ್ಳುವ ಸಂಘಟಿತ ಪದ್ಧತಿಯ ಹುಟ್ಟಿನಲ್ಲಿಯೇ ಮಕ್ಕಳಿದ್ದಾರೆ. 1859ರ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೊದಲ್ಲಿ ನಡೆದ ಕದನದ ಬಳಿಕ ಸಾವಿರಾರು ಗಾಯಾಳುಗಳು ಸಮೀಪದ ಕಾಸ್ಟಿಲ್ಯೋನೆ ಎಂಬ ಊರಿನ ಚರ್ಚುಗಳಲ್ಲಿ, ಬೀದಿಗಳಲ್ಲಿ ಬಂದು ಬಿದ್ದಿದ್ದರು. ವ್ಯಾಪಾರದ ಕೆಲಸದ ಮೇಲೆ ಅಲ್ಲಿಗೆ ಬಂದಿದ್ದ ಜಿನೀವಾದ ಹೆನ್ರಿ ಡ್ಯೂನಾನ್ ಊರಿನ ಹೆಂಗಸರನ್ನು ಸೇರಿಸಿ ಆರೈಕೆಗೆ ನಿಂತಾಗ, ಊರ ಚಿಕ್ಕ ಹುಡುಗರು ಕಾರಂಜಿಗಳಿಂದ ನೀರು ಹೊತ್ತು ತಂದು ಬಾಯಾರಿದವರಿಗೆ ಕುಡಿಸಿದರು. ಇದನ್ನು ಡ್ಯೂನಾನ್ 1862ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಆ ಪುಸ್ತಕದ ಪ್ರಭಾವದಿಂದ 1863ರಲ್ಲಿ ರೆಡ್ ಕ್ರಾಸ್ ಸಮಿತಿಯೂ 1864ರಲ್ಲಿ ಮೊದಲ ಜಿನೀವಾ ಒಪ್ಪಂದವೂ ಬಂದವು. 1906ರ ಪರಿಷ್ಕೃತ ಒಪ್ಪಂದ, ತಮ್ಮ ಸರ್ಕಾರದ ಮನ್ನಣೆ ಪಡೆದ ಸ್ವಯಂಸೇವಾ ಸಂಘಗಳ ಸದಸ್ಯರಿಗೆ ಸೇನೆಯ ವೈದ್ಯಕೀಯ ಸಿಬ್ಬಂದಿಗೆ ಇರುವ ರಕ್ಷಣೆಯನ್ನೇ ಕೊಟ್ಟಿತು. ತೋಳಿಗೆ ಕೆಂಪು ಶಿಲುಬೆಯ ಪಟ್ಟಿ ಕಟ್ಟಿಕೊಂಡವರ ಮೇಲೆ ಗುಂಡು ಹಾರಿಸಬಾರದೆಂಬ ಈ ಭರವಸೆಯೇ ಮುಂದೆ ಎಷ್ಟೋ ತಾಯಿತಂದೆಯರು ತಮ್ಮ ಮಕ್ಕಳನ್ನು ಕಳಿಸಲು ಒಪ್ಪುವುದಕ್ಕೆ ಆಧಾರವಾಯಿತು. ಫಿರಂಗಿ ಗುಂಡಿಗೆ ಆ ಗುರುತು ಕಾಣುವುದಿಲ್ಲವೆಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಬ್ರಿಟನ್ನಿನಲ್ಲಿ ಈ ಸೇವೆಗೆ ದೊಡ್ಡ ಚೌಕಟ್ಟು ಒದಗಿಸಿದ್ದು 1909ರಲ್ಲಿ ಆರಂಭವಾದ ವಾಲಂಟರಿ ಏಡ್ ಡಿಟ್ಯಾಚ್‌ಮೆಂಟ್ ಯೋಜನೆ. ಸ್ಥಳೀಯವಾಗಿ ಸೇರಿಸಿದ ಸಣ್ಣ ಸ್ವಯಂಸೇವಾ ತುಕಡಿಗಳಿಗೆ ಪ್ರಥಮ ಚಿಕಿತ್ಸೆ ಮತ್ತು ಗೃಹ ಶುಶ್ರೂಷೆಯ ತರಬೇತಿ ಕೊಟ್ಟು, ಯುದ್ಧ ಬಂದರೆ ಸೇನೆಯ ವೈದ್ಯಕೀಯ ವಿಭಾಗಕ್ಕೆ ಬೆಂಬಲವಾಗಿ ನಿಲ್ಲಿಸುವುದು ಅದರ ಉದ್ದೇಶವಾಗಿತ್ತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಈ ತುಕಡಿಗಳೂ ಅವುಗಳ ಸದಸ್ಯರೂ ವಿ.ಎ.ಡಿ. ಎಂದೇ ಕರೆಯಲ್ಪಟ್ಟರು. 1914ರ ಬೇಸಿಗೆಯ ಹೊತ್ತಿಗೆ 2,500ಕ್ಕೂ ಹೆಚ್ಚು ತುಕಡಿಗಳಲ್ಲಿ ಸುಮಾರು 74,000 ಸದಸ್ಯರಿದ್ದು, ಅವರಲ್ಲಿ ಮೂರನೆಯ ಎರಡು ಭಾಗ ಹೆಂಗಸರು ಮತ್ತು ಹುಡುಗಿಯರಾಗಿದ್ದರು. ವಿದೇಶ ಸೇವೆಗೆ 23 ವರ್ಷ ವಯಸ್ಸಿನ ಜೊತೆಗೆ ಮೂರು ತಿಂಗಳಿಗೂ ಹೆಚ್ಚಿನ ಆಸ್ಪತ್ರೆ ಅನುಭವ ಬೇಕೆಂದು ಗೊತ್ತುಪಡಿಸಲಾಗಿತ್ತು. ಇವರಲ್ಲಿ ಹೆಚ್ಚಿನವರು ಮೇಲ್ಮಧ್ಯಮ ವರ್ಗದ ಮನೆಗಳಿಂದ ಬಂದವರು. ಮನೆಯಲ್ಲಿ ಆಳುಕಾಳುಗಳಿದ್ದುದರಿಂದ ತಮ್ಮ ಹಾಸಿಗೆಯನ್ನು ತಾವೇ ಹಾಸಿಕೊಂಡೂ ತಿಳಿಯದಿದ್ದವರು.

ಅಂಥವರ ಪಾಲಿಗೆ ಬಂದ ಕೆಲಸ ಎಂತಹದೆಂಬುದನ್ನು ತಿಳಿಯಲು ಆ ಕಾಲದ ಗಾಯಗಳ ಸ್ವರೂಪವನ್ನು ಅರಿಯಬೇಕಾಗುತ್ತದೆ. ಫ್ರಾನ್ಸ್ ಮತ್ತು ಬೆಲ್ಜಿಯಂನ ಯುದ್ಧರಂಗ ಶತಮಾನಗಳಿಂದ ಗೊಬ್ಬರ ಹಾಕಿ ಉಳುತ್ತಿದ್ದ ಹೊಲಗಳ ಮೇಲೆ ಹಬ್ಬಿದ್ದರಿಂದ, ಷೆಲ್ಲಿನ ಚೂರುಗಳು ಬಟ್ಟೆಯ ತುಂಡನ್ನೂ ಆ ಮಣ್ಣನ್ನೂ ಗಾಯದ ಆಳಕ್ಕೆ ತಳ್ಳುತ್ತಿದ್ದವು. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಗಳು ಮಾಂಸದೊಳಗೆ ಅನಿಲ ಉಂಟುಮಾಡುತ್ತ ಅಂಗವನ್ನು ಕೊಳೆಯಿಸುತ್ತಿದ್ದವು. ಗ್ಯಾಸ್ ಗ್ಯಾಂಗ್ರಿನ್ ಎಂಬ ಈ ಸೋಂಕು ಕೆಲವೇ ಗಂಟೆಗಳಲ್ಲಿ ಕಾಲನ್ನೋ ಪ್ರಾಣವನ್ನೋ ಕಳೆಯುತ್ತಿತ್ತು. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಅಲೆಕ್ಸಿ ಕ್ಯಾರೆಲ್ ಮತ್ತು ಹೆನ್ರಿ ಡೇಕಿನ್ ಎಂಬ ವಿಜ್ಞಾನಿಗಳು ರೂಪಿಸಿದ ವಿಧಾನದಲ್ಲಿ ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ತೆರೆದ ಗಾಯದೊಳಗೆ ಸಣ್ಣ ರಬ್ಬರ್ ಕೊಳವೆಗಳನ್ನಿಟ್ಟು, ಸುಮಾರು ಎರಡು ಗಂಟೆಗೊಮ್ಮೆ ಹೈಪೋಕ್ಲೋರೈಟ್ ದ್ರಾವಣವನ್ನು ಹಾಯಿಸಲಾಗುತ್ತಿತ್ತು. ಈ ದ್ರಾವಣವನ್ನು ಹಗಲೂ ರಾತ್ರಿ ತಪ್ಪದೆ ಹಾಯಿಸಲು ಎಷ್ಟು ಕೈಗಳಿದ್ದರೂ ಸಾಲುತ್ತಿರಲಿಲ್ಲ. ಕೀವು ತುಂಬಿದ ಬಟ್ಟೆ ಬಿಚ್ಚುವಾಗ ತಟ್ಟೆ ಹಿಡಿದು ನಿಲ್ಲುವುದು, ಕತ್ತರಿಸಿದ ಕಾಲಿನ ಮೋಟನ್ನು ಅಲುಗದಂತೆ ಎತ್ತಿ ಹಿಡಿಯುವುದು, ಬೆಡ್‌ಪ್ಯಾನ್ ತೊಳೆಯುವುದು, ನೆಲ ಉಜ್ಜುವುದು, ಸಾಯುತ್ತಿರುವವನ ಬದಿಯಲ್ಲಿ ಕುಳಿತು ಅವನ ಮನೆಗೆ ಕಾಗದ ಬರೆಯುವುದು ಈ ಹುಡುಗಿಯರ ದಿನಚರಿಯಾಗಿತ್ತು. ವೃತ್ತಿನಿರತ ದಾದಿಯರು ಇವರನ್ನು ಮೊದಮೊದಲು ಅನುಮಾನದಿಂದಲೇ ನೋಡಿದರು. ತಮ್ಮ ವೃತ್ತಿಗೆ ಸರ್ಕಾರದ ನೋಂದಣಿ ಬೇಕೆಂದು ಅವರು ಬಹುಕಾಲದಿಂದ ಹೋರಾಡುತ್ತಿದ್ದು (ಅದು ದೊರೆತದ್ದು 1919ರಲ್ಲಿ), ಮೂರು ವರ್ಷ ಕಲಿತ ತಮಗೂ ಕೆಲವು ವಾರ ಕಲಿತ ಸ್ವಯಂಸೇವಕಿಯರಿಗೂ ಜನ ವ್ಯತ್ಯಾಸ ಕಾಣದಿದ್ದರೆ ಹೇಗೆಂಬ ಅವರ ಆತಂಕ ನ್ಯಾಯವಾದದ್ದೇ ಆಗಿತ್ತು.

ವಯಸ್ಸಿನ ನಿಯಮ ಕಾಗದದ ಮೇಲಿದ್ದಷ್ಟು ಗಟ್ಟಿಯಾಗಿ ಆಚರಣೆಯಲ್ಲಿ ಇರಲಿಲ್ಲ. ಗಾಯಾಳುಗಳ ಸಂಖ್ಯೆ ಏರಿದಂತೆ ಅಧಿಕಾರಿಗಳ ಕಣ್ಣು ಮಂದವಾಗುತ್ತಿತ್ತು. ಲೇಖಕಿ ವೆರಾ ಬ್ರಿಟನ್ 1893ರ ಡಿಸೆಂಬರಿನಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನ ಓದು ಬಿಟ್ಟು ವಿ.ಎ.ಡಿ. ಸೇರಿ, 1916ರ ಶರತ್ಕಾಲದಲ್ಲಿ ಮಾಲ್ಟಾದ ಸೇನಾ ಆಸ್ಪತ್ರೆಗೆ ತಲುಪಿದಾಗ ಅವರಿಗೆ 22 ವರ್ಷ, ನಿಯಮದ ಪ್ರಕಾರ ಇನ್ನೂ ಕೆಲವು ತಿಂಗಳು ಬಾಕಿ. ಮುಂದೆ ಫ್ರಾನ್ಸಿನ ಎತಾಪ್ಲ್‌ನಲ್ಲಿ ಅವರು ಜರ್ಮನ್ ಯುದ್ಧಕೈದಿಗಳ ವಾರ್ಡಿನಲ್ಲಿಯೂ ದುಡಿದರು. ಪ್ರಿಯಕರನನ್ನೂ ತಮ್ಮನನ್ನೂ ಇಬ್ಬರು ಆಪ್ತ ಗೆಳೆಯರನ್ನೂ ಅದೇ ಯುದ್ಧಕ್ಕೆ ಕಳೆದುಕೊಂಡ ಅವರು 1933ರಲ್ಲಿ ಪ್ರಕಟಿಸಿದ ‘ಟೆಸ್ಟಮೆಂಟ್ ಆಫ್ ಯೂತ್’ ಎಂಬ ಆತ್ಮಕಥನ, ಈ ಸೇವೆಯನ್ನು ಒಳಗಿನಿಂದ ತೋರಿಸುವ ಕೃತಿಗಳಲ್ಲಿ ಪ್ರಧಾನವಾದದ್ದು.

ನಿಯಮದ ಹೊರಗೆ ಉಳಿದವರಿಗೆ ಇನ್ನೊಂದು ದಾರಿಯಿತ್ತು. ಸರ್ಕಾರಿ ಯೋಜನೆಗೆ ಸೇರದೆ ಖಾಸಗಿಯಾಗಿ ಹಣ ಕೂಡಿಸಿಕೊಂಡು ಹೊರಟ ಆಂಬುಲೆನ್ಸ್ ತಂಡಗಳು 1914ರಲ್ಲಿ ಹಲವಾರಿದ್ದು, ಅವುಗಳಲ್ಲಿ ಸೇರ್ಪಡೆ ತಂಡದ ಮುಖ್ಯಸ್ಥರ ಮರ್ಜಿಗೆ ಬಿಟ್ಟದ್ದಾಗಿತ್ತು. ಸ್ಕಾಟ್ಲೆಂಡಿನಲ್ಲಿ 1896ರ ಫೆಬ್ರವರಿಯಲ್ಲಿ ಹುಟ್ಟಿದ ಮೈರಿ ಚಿಜಂ ಇಂಥ ದಾರಿಯಲ್ಲಿ ಹೋದವರು. ಮೋಟರ್ ಸೈಕಲ್ ಓಡಿಸುವುದರಲ್ಲಿ ನಿಪುಣೆಯಾಗಿದ್ದ ಅವರು, ಅದೇ ಹವ್ಯಾಸದಿಂದ ಗೆಳತಿಯಾಗಿದ್ದ, ತಮಗಿಂತ ಹನ್ನೊಂದು ವರ್ಷ ಹಿರಿಯರಾದ ದಾದಿ ಎಲ್ಸಿ ನಾಕರ್ ಜೊತೆ ಲಂಡನ್ನಿಗೆ ಬಂದು ಸಂದೇಶವಾಹಕಿಯಾಗಿ ದುಡಿಯುತ್ತಿದ್ದಾಗ, ವೈದ್ಯ ಹೆಕ್ಟರ್ ಮನ್ರೊ ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಬೆಲ್ಜಿಯಂ ತಲುಪಿದಾಗ ಮೈರಿಗೆ 18 ವರ್ಷ, ವಿ.ಎ.ಡಿ. ಮೂಲಕ ಹೊರಟಿದ್ದರೆ ಇನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಿತ್ತು.

ಮೈರಿ ಮತ್ತು ಎಲ್ಸಿ ಮಾಡಿದ ಕೆಲಸಕ್ಕೆ ಯುದ್ಧವೈದ್ಯದ ಚರಿತ್ರೆಯಲ್ಲಿ ಪ್ರತ್ಯೇಕ ಸ್ಥಾನವಿದೆ. ಗಾಯಾಳುಗಳಲ್ಲಿ ಅನೇಕರು ಗಾಯದಿಂದ ಸಾಯುವುದಕ್ಕಿಂತ ಹೆಚ್ಚಾಗಿ, ಆಸ್ಪತ್ರೆಗೆ ಸಾಗಿಸುವ ಹಾದಿಯಲ್ಲಿ ಸಾಯುತ್ತಿದ್ದಾರೆಂದು ಎಲ್ಸಿ ಗಮನಿಸಿದರು. ರಕ್ತ ಹೆಚ್ಚಾಗಿ ಸೋರಿದಾಗ ರಕ್ತದೊತ್ತಡ ಕುಸಿದು, ಮೈ ತಣ್ಣಗಾಗಿ, ಅಂಗಾಂಗಗಳಿಗೆ ರಕ್ತ ತಲುಪದಿರುವ ಸ್ಥಿತಿಗೆ ವೈದ್ಯರು ಷಾಕ್ ಎನ್ನುತ್ತಾರೆ. ಅಂಥವನನ್ನು ಕಲ್ಲುಹಾಸಿನ ದಾರಿಯಲ್ಲಿ ಮೈಲುಗಟ್ಟಲೆ ಕುಲುಕಿಸಿಕೊಂಡು ಒಯ್ದರೆ ಅವನು ಉಳಿಯುವುದು ಕಷ್ಟ. ಮೊದಲು ಬೆಚ್ಚಗೆ ಹೊದಿಸಿ, ಬಿಸಿ ಪಾನೀಯ ಕುಡಿಸಿ, ಸ್ವಲ್ಪ ಹೊತ್ತು ಅಲುಗದಂತೆ ಮಲಗಿಸಿ, ನಾಡಿ ಸುಧಾರಿಸಿದ ಮೇಲೆ ಸಾಗಿಸಬೇಕೆಂಬುದು ಎಲ್ಸಿಯ ಅಭಿಪ್ರಾಯವಾಗಿತ್ತು. ಇದಕ್ಕಾಗಿ 1914ರ ನವೆಂಬರಿನಲ್ಲಿ ಅವರಿಬ್ಬರೂ ಮನ್ರೊ ತಂಡವನ್ನು ಬಿಟ್ಟು, ಬೆಲ್ಜಿಯನ್ ಕಂದಕಗಳಿಗೆ ಅತಿ ಹತ್ತಿರದಲ್ಲಿದ್ದ ಪರ್ವೈಸ್ ಎಂಬ ಹಾಳುಬಿದ್ದ ಹಳ್ಳಿಯ ಮನೆಯೊಂದರ ನೆಲಮಾಳಿಗೆಯಲ್ಲಿ ಪ್ರಥಮ ಚಿಕಿತ್ಸಾ ಠಾಣೆ ತೆರೆದರು. ಜರ್ಮನರನ್ನು ತಡೆಯಲು ಬೆಲ್ಜಿಯನ್ನರು ಸಮುದ್ರದ ತೂಬುಗಳನ್ನು ತೆರೆದು ಸುತ್ತಲಿನ ಬಯಲನ್ನು ಮುಳುಗಿಸಿದ್ದರಿಂದ ಎಲ್ಲೆಲ್ಲೂ ನೀರು, ಕೆಸರು, ಕೊಳೆತ ಹೆಣಗಳ ವಾಸನೆ. ಮೈರಿ ಗಾಯಾಳುಗಳನ್ನು ಹೊತ್ತು ತರುತ್ತ, ಅವರನ್ನು ರಾತ್ರಿಯ ಕತ್ತಲಲ್ಲಿ ದೀಪವಿಲ್ಲದ ವಾಹನದಲ್ಲಿ ಹಿಂದಿನ ಆಸ್ಪತ್ರೆಗೆ ಒಯ್ಯುತ್ತ ಮೂರೂವರೆ ವರ್ಷ ಅಲ್ಲಿಯೇ ಉಳಿದರು. ಷೆಲ್ ದಾಳಿಯಿಂದ ಮನೆ ಕುಸಿದಾಗ ಬೇರೆ ಮನೆಗೆ ಹೋಗಿ ಕೆಲಸ ಮುಂದುವರಿಸಿದರು. ಠಾಣೆಯ ಖರ್ಚಿಗೆ ಬ್ರಿಟನ್ನಿಗೆ ಹೋಗಿ ಭಾಷಣ ಮಾಡಿ ಚಂದಾ ಎತ್ತಿದರು. ಬೆಲ್ಜಿಯಂ ದೊರೆ ಆಲ್ಬರ್ಟ್ ಇವರಿಗೆ ಆರ್ಡರ್ ಆಫ್ ಲಿಯೊಪೋಲ್ಡ್ II ಗೌರವವನ್ನೂ, ಬ್ರಿಟಿಷ್ ಸರ್ಕಾರ 1917ರಲ್ಲಿ ಮಿಲಿಟರಿ ಮೆಡಲನ್ನೂ ಕೊಟ್ಟವು. 1918ರ ವಿಷಾನಿಲ ದಾಳಿಯಲ್ಲಿ ಇಬ್ಬರೂ ಅಸ್ವಸ್ಥರಾದ ಮೇಲೆ ಠಾಣೆ ಮುಚ್ಚಿತು. ಆಗ 22 ದಾಟಿದ್ದ ಮೈರಿಗೆ ವಿ.ಎ.ಡಿ. ನಿಯಮದ ಪ್ರಕಾರ ಹೊರಡುವ ವಯಸ್ಸು ಇನ್ನೂ ಬಂದಿರಲಿಲ್ಲ.

ಇವರಿಗಿಂತಲೂ ಚಿಕ್ಕವರು ಆಸ್ಪತ್ರೆ ಹಡಗುಗಳಲ್ಲಿದ್ದರು. ಗ್ಯಾಲಿಪೊಲಿ ಮತ್ತು ಪೂರ್ವ ಮೆಡಿಟರೇನಿಯನ್ ರಂಗಗಳ ಗಾಯಾಳುಗಳನ್ನು ಇಂಗ್ಲೆಂಡಿಗೆ ತರುತ್ತಿದ್ದ ಬ್ರಿಟಾನಿಕ್ ಎಂಬ ಬೃಹತ್ ಹಡಗಿನಲ್ಲಿ, ಅದೇ ಹೊತ್ತಿನಲ್ಲಿ ಜನಪ್ರಿಯವಾಗುತ್ತಿದ್ದ ಬಾಯ್ ಸ್ಕೌಟ್ ಚಳವಳಿಯ ಹುಡುಗರು ಓಲೆಕಾರರಾಗಿಯೂ ಲಿಫ್ಟ್ ನಡೆಸುವವರಾಗಿಯೂ ಕೆಲಸ ಮಾಡುತ್ತಿದ್ದರು. ಅವರಲ್ಲಿ 14, 15 ವರ್ಷದವರೂ ಇದ್ದರು. ವೆರಾ ಬ್ರಿಟನ್ ಮಾಲ್ಟಾದ ಕಡೆಗೆ ಪ್ರಯಾಣ ಮಾಡಿದ್ದು ಇದೇ ಹಡಗಿನಲ್ಲಿ. ಅದಾದ ಎರಡೇ ತಿಂಗಳಿಗೆ, 1916ರ ನವೆಂಬರ್ 21ರ ಬೆಳಿಗ್ಗೆ, ಗ್ರೀಸಿನ ಕೇಯಾ ದ್ವೀಪದ ಹತ್ತಿರ ಹಡಗು ಜರ್ಮನ್ ಸಿಡಿಗುಂಡಿಗೆ ತಗುಲಿ ಒಂದು ಗಂಟೆಯೊಳಗೆ ಮುಳುಗಿತು. ಗಾಯಾಳುಗಳನ್ನು ಇನ್ನೂ ಹತ್ತಿಸಿಕೊಂಡಿರಲಿಲ್ಲವಾದ್ದರಿಂದ ಸಾವಿರಕ್ಕೂ ಮೀರಿದ ಸಿಬ್ಬಂದಿಯಲ್ಲಿ ಸತ್ತವರು 30 ಮಂದಿ. ಹಡಗು ರೋಗಿಗಳನ್ನು ತುಂಬಿಕೊಂಡು ಮರಳುವ ದಾರಿಯಲ್ಲಿ ಇದ್ದಿದ್ದರೆ ಆ ಹುಡುಗರ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಕಮ್ಮಾರಸಾಲೆಯಲ್ಲಿಯೋ ಗಣಿಯಲ್ಲಿಯೋ 14ರ ಹುಡುಗರು ದುಡಿಯುತ್ತಿದ್ದ ಕಾಲದಲ್ಲಿ ಹಡಗಿನ ಲಿಫ್ಟ್ ನಡೆಸುವ ಕೆಲಸ ಯಾರಿಗೂ ಅಪಾಯದ್ದೆಂದು ಕಂಡಿರಲಾರದು.

ಅಮೆರಿಕ 1917ರ ಏಪ್ರಿಲ್‌ವರೆಗೆ ತಟಸ್ಥ ದೇಶವಾಗಿದ್ದರಿಂದ ಅಲ್ಲಿನ ಯುವಕರಿಗೆ ಯುದ್ಧ ಸೇರಲು ಆಂಬುಲೆನ್ಸ್ ಓಡಿಸುವುದೊಂದೇ ಸುಲಭದ ಮಾರ್ಗವಾಗಿತ್ತು. 1915ರಲ್ಲಿ ಎ. ಪಯಾಟ್ ಆಂಡ್ರೂ ಸಂಘಟಿಸಿದ ಅಮೆರಿಕನ್ ಫೀಲ್ಡ್ ಸರ್ವಿಸ್, ವಿಶ್ವವಿದ್ಯಾಲಯಗಳಿಂದ ನೂರಾರು ವಿದ್ಯಾರ್ಥಿಗಳನ್ನು ಕರೆತಂದು ಫ್ರೆಂಚ್ ಸೇನೆಯ ಜೊತೆ ಇರಿಸಿತು. ಮೂವರನ್ನು ಮಲಗಿಸಿ ಒಯ್ಯಬಲ್ಲ, ಮರದ ಮೈಯ ಹಗುರವಾದ ಫೋರ್ಡ್ ಗಾಡಿಗಳು ಗುಡ್ಡದ ಇಕ್ಕಟ್ಟಿನ ದಾರಿಗಳಲ್ಲಿಯೂ ಹೋಗುತ್ತಿದ್ದವು. 1899ರ ಮೇ ತಿಂಗಳಿನಲ್ಲಿ ಹುಟ್ಟಿದ ಜೂಲಿಯನ್ ಬ್ರಯನ್ 17ನೆಯ ವಯಸ್ಸಿಗೇ ಈ ಸೇವೆ ಸೇರಿ ವರ್ದೂನ್ ರಂಗದಲ್ಲಿ ಗಾಡಿ ಓಡಿಸಿ, ಆ ಅನುಭವವನ್ನು 1918ರಲ್ಲಿ ‘ಆಂಬುಲೆನ್ಸ್ 464’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ಸಾಕ್ಷ್ಯಚಿತ್ರಕಾರರಾದ ಅವರು 1939ರ ಸೆಪ್ಟೆಂಬರಿನಲ್ಲಿ, ಬೇರೆ ವಿದೇಶೀ ಪತ್ರಕರ್ತರು ಜಾಗ ಖಾಲಿ ಮಾಡಿದ್ದ ಹೊತ್ತಿನಲ್ಲಿ, ಮುತ್ತಿಗೆಗೆ ಒಳಗಾದ ವಾರ್ಸಾದೊಳಗಿದ್ದು ಅಲ್ಲಿನ ನಾಗರಿಕರ ಸಂಕಟವನ್ನು ಚಿತ್ರೀಕರಿಸಿದರು. ಗಾಯಗೊಂಡವರ ಬಳಿಗೆ ಹೋಗುವ ಗುಣ ಅವರಲ್ಲಿ ಹದಿಹರೆಯದಲ್ಲಿಯೇ ನೆಲೆಗೊಂಡಿತ್ತು.

ಮುಂದೆ ಲೇಖಕರಾಗಿ ಹೆಸರಾದ ಅರ್ನೆಸ್ಟ್ ಹೆಮಿಂಗ್ವೇ, ದೃಷ್ಟಿದೋಷವಿದ್ದುದರಿಂದ, ಸೇನೆಯ ಬದಲು ಅಮೆರಿಕನ್ ರೆಡ್ ಕ್ರಾಸ್ ಮೂಲಕ ಇಟಲಿಗೆ ಹೋದರು. 1918ರ ಜುಲೈ 8ರ ರಾತ್ರಿ ಪಿಯಾವೆ ನದಿಯ ದಂಡೆಯ ಫೊಸಾಲ್ಟಾದಲ್ಲಿ, ಸೈನಿಕರಿಗೆ ಚಾಕೊಲೇಟ್ ಮತ್ತು ಸಿಗರೇಟು ಹಂಚುತ್ತಿದ್ದಾಗ ಮಾರ್ಟರ್ ಗುಂಡು ಸಿಡಿದು ಅವರ ಕಾಲುಗಳಿಗೆ ಇನ್ನೂರಕ್ಕೂ ಹೆಚ್ಚು ಚೂರುಗಳು ಹೊಕ್ಕವು. ಪಕ್ಕದಲ್ಲಿದ್ದ ಸೈನಿಕ ಸತ್ತ. ಅವರಿಗೆ 19 ತುಂಬಿದ್ದು ಮಿಲಾನಿನ ಆಸ್ಪತ್ರೆಯ ಹಾಸಿಗೆಯಲ್ಲಿ.

ಮುಂದೆ ಅನಿಮೇಷನ್ ಚಿತ್ರಗಳಿಂದ ಹೆಸರಾದ ವಾಲ್ಟ್ ಡಿಸ್ನಿಯ ಪ್ರಕರಣದಲ್ಲಿ ವಯಸ್ಸಿನ ನಿಯಮವನ್ನು ದಾಟಿದ ಬಗೆ ಸ್ಪಷ್ಟವಾಗಿ ತಿಳಿದುಬಂದಿದೆ. 1901ರ ಡಿಸೆಂಬರ್ 5ರಂದು ಹುಟ್ಟಿದ ಡಿಸ್ನಿಗೆ 1918ರ ಶರತ್ಕಾಲದಲ್ಲಿ 16 ವರ್ಷ. ರೆಡ್ ಕ್ರಾಸ್ ಆಂಬುಲೆನ್ಸ್ ದಳಕ್ಕೆ 17 ಬೇಕಿತ್ತು. ಪಾಸ್‌ಪೋರ್ಟ್ ಅರ್ಜಿಗೆ ತಾಯಿತಂದೆ ಇಬ್ಬರೂ ಸಹಿ ಹಾಕಬೇಕಾಗಿದ್ದು, ತಂದೆ ಇಲಿಯಾಸ್ ಖಡಾಖಂಡಿತವಾಗಿ ಒಪ್ಪಲಿಲ್ಲ. ತಾಯಿ ಫ್ಲೋರಾ, ಮಗ ಹೇಗೂ ಓಡಿಹೋಗುತ್ತಾನೆ, ಎಲ್ಲಿದ್ದಾನೆಂದಾದರೂ ತಿಳಿದಿರಲಿ ಎಂಬ ಭಾವದಿಂದ ಗಂಡನ ಹೆಸರನ್ನೂ ತಾನೇ ಬರೆದುಕೊಟ್ಟಳು. ಬಳಿಕ ಡಿಸ್ನಿ ಜನ್ಮವರ್ಷದ ಕೊನೆಯ ಅಂಕಿಯನ್ನು ತಿದ್ದಿ 1901ನ್ನು 1900 ಮಾಡಿದ. ತರಬೇತಿಯ ಸಮಯದಲ್ಲಿ ಇನ್‌ಫ್ಲುಯೆಂಜಾ ಬಂದು ಮಲಗಿದ್ದರಿಂದ ಹೊರಡುವುದು ತಡವಾಗಿ, ಅವನು ಫ್ರಾನ್ಸ್ ಮುಟ್ಟಿದ್ದು ನವೆಂಬರ್ 11ರ ಕದನವಿರಾಮದ ಬಳಿಕ. 1919ರವರೆಗೂ ಅಲ್ಲಿದ್ದು ರೆಡ್ ಕ್ರಾಸ್‌ನ ಗಾಡಿಗಳನ್ನು ಓಡಿಸಿದ. ಅದೇ ದಳದಲ್ಲಿ ವಯಸ್ಸು ಸುಳ್ಳು ಹೇಳಿ ಸೇರಿದ್ದ ಇನ್ನೊಬ್ಬ ಹುಡುಗ, ಮುಂದೆ ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹಗಳನ್ನು ಜಗತ್ತಿಗೆಲ್ಲ ಹಬ್ಬಿಸಿದ ರೇ ಕ್ರಾಕ್. ಆತ ಹಡಗು ಹತ್ತುವ ಮೊದಲೇ ಯುದ್ಧ ಮುಗಿಯಿತು. ಈ ಕಥೆಗಳನ್ನು ಸಾಮಾನ್ಯವಾಗಿ ಪ್ರಸಿದ್ಧರ ಬಾಲ್ಯದ ಸಾಹಸಗಳಾಗಿ ಹೇಳಲಾಗುತ್ತದೆ. ಆದರೆ ತಿದ್ದಿದ ಅಂಕಿಯನ್ನು ನೋಡಿಯೂ ನೋಡದಂತೆ ಮುದ್ರೆ ಒತ್ತಿದ ಒಬ್ಬ ಹಿರಿಯನಿಲ್ಲದೆ ಯಾವ ಹುಡುಗನೂ ಸಮುದ್ರ ದಾಟಲಾರ. ಹುಡುಗನ ಧೈರ್ಯವನ್ನು ಮೆಚ್ಚುವ ಚರಿತ್ರಕಾರರು ಆ ಹಿರಿಯನ ಹೊಣೆಯನ್ನೂ ಕೇಳಬೇಕಾಗಿತ್ತು.

ಭಾರತೀಯ ಯುವಕರ ಪಾಲು ಇದರಲ್ಲಿ ಕಡಿಮೆಯದಲ್ಲ. 1914ರ ಆಗಸ್ಟಿನಲ್ಲಿ ಲಂಡನ್ ತಲುಪಿದ ಗಾಂಧೀಜಿ ಅಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳನ್ನು ಕೂಡಿಸಿ ಕಟ್ಟಿದ ಆಂಬುಲೆನ್ಸ್ ದಳ, ಫ್ರಾನ್ಸಿನಿಂದ ಬಂದ ಭಾರತೀಯ ಗಾಯಾಳುಗಳನ್ನು ನೆಟ್ಲಿಯ ಸೇನಾ ಆಸ್ಪತ್ರೆಯಲ್ಲಿ ನೋಡಿಕೊಂಡಿತು. ಮರುವರ್ಷ ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದ ಬೆಂಗಾಲ್ ಆಂಬುಲೆನ್ಸ್ ಕೋರ್‌ನ ಅನುಭವ ಇನ್ನೂ ಕಠಿಣವಾದದ್ದು. ಬಂಗಾಳಿಗಳು ಯುದ್ಧಕ್ಕೆ ತಕ್ಕವರಲ್ಲವೆಂದು ಬ್ರಿಟಿಷರು ಸೇನೆಯಿಂದ ದೂರ ಇಟ್ಟಿದ್ದ ಕಾಲದಲ್ಲಿ ಕಾಲೇಜು ಹುಡುಗರಿಗೆ ಈ ದಳ ತಮ್ಮ ಸಾಮರ್ಥ್ಯ ತೋರುವ ಅವಕಾಶವಾಗಿ ಕಂಡಿತು. ಟೈಗ್ರಿಸ್ ನದಿಯ ಅಮಾರಾದಲ್ಲಿ ಆಸ್ಪತ್ರೆ ನಡೆಸಿದ ಈ ದಳದ ಒಂದು ಭಾಗ ಸೇನೆಯ ಜೊತೆ ಮುಂದೆ ಸಾಗಿ, ಕೂತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು, 1916ರ ಏಪ್ರಿಲ್ 29ರಂದು ಪಟ್ಟಣ ಶರಣಾದಾಗ ತುರ್ಕರ ಸೆರೆಯಾಯಿತು. ಮರುಭೂಮಿಯ ನಡಿಗೆ, ಹಸಿವು, ಟೈಫಸ್ ಜ್ವರಗಳ ನಡುವೆಯೂ ಸೆರೆಯಾಳುಗಳ ಶುಶ್ರೂಷೆ ಮುಂದುವರಿಸಿದ ಶಿಶಿರ ಪ್ರಸಾದ ಸರ್ವಾಧಿಕಾರಿ ಬಂಗಾಳಿಯಲ್ಲಿ ಬರೆದ ‘ಅಭಿ ಲೆ ಬಗ್ದಾದ್’ ಈ ರಂಗದ ಬಗ್ಗೆ ಭಾರತೀಯರೊಬ್ಬರು ಬರೆದ ಅಪರೂಪದ ಕೃತಿ. ಹತ್ತೊಂಬತ್ತರ ಆಸುಪಾಸಿನಲ್ಲಿ ಈ ದಳ ಸೇರಿದ ರಣದಾ ಪ್ರಸಾದ ಸಾಹಾ, ತಮ್ಮ ಎಳವೆಯಲ್ಲಿ ಚಿಕಿತ್ಸೆ ಸಿಗದೆ ತೀರಿಕೊಂಡ ತಾಯಿ ಕುಮುದಿನಿಯ ಹೆಸರಿನಲ್ಲಿ ಇಂದಿನ ಬಾಂಗ್ಲಾದೇಶದ ಮಿರ್ಜಾಪುರದಲ್ಲಿ ದೊಡ್ಡ ಧರ್ಮಾಸ್ಪತ್ರೆ ಕಟ್ಟಿದರು. 1971ರ ಯುದ್ಧದಲ್ಲಿ ಅವರನ್ನು ಅಪಹರಿಸಿ ಕೊಲ್ಲಲಾಯಿತು.

ಎರಡನೆಯ ಮಹಾಯುದ್ಧದಲ್ಲಿ, 1943ರ ಅಕ್ಟೋಬರಿನಲ್ಲಿ ಸಿಂಗಪುರದಲ್ಲಿ ತರಬೇತಿ ಆರಂಭಿಸಿದ, ಆಜಾದ್ ಹಿಂದ್ ಫೌಜಿನ ಝಾನ್ಸಿ ರಾಣಿ ದಳ ಇಂಥ ಸೇವೆಗೆ ಹತ್ತಿರದ ಇನ್ನೊಂದು ಉದಾಹರಣೆ. ವೈದ್ಯೆ ಲಕ್ಷ್ಮಿ ಸ್ವಾಮಿನಾಥನ್ ಅವರ ನೇತೃತ್ವದ ಈ ದಳಕ್ಕೆ ಮಲಯದ ರಬ್ಬರ್ ತೋಟಗಳ ತಮಿಳು ಕುಟುಂಬಗಳಿಂದಲೂ ಪಟ್ಟಣದ ಮನೆಗಳಿಂದಲೂ ಹುಡುಗಿಯರು ಬಂದರು. ಮುಂದೆ ಮಲೇಷ್ಯದ ಹೆಸರಾಂತ ಶಿಕ್ಷಣತಜ್ಞೆಯಾದ ರಾಸಮ್ಮ ಭೂಪಾಲನ್‌ಗೆ ಆಗ 16 ವರ್ಷ. ಇದು ಸಶಸ್ತ್ರ ದಳವಾದ್ದರಿಂದ ರೆಡ್ ಕ್ರಾಸ್ ಮಾದರಿಯ ಸೇವೆಗಿಂತ ಬೇರೆಯಾದದ್ದು. ಆದರೂ ಸುಮಾರು 200 ಮಂದಿಗೆ ಶುಶ್ರೂಷೆಯ ತರಬೇತಿ ಕೊಟ್ಟು ಪ್ರತ್ಯೇಕ ವಿಭಾಗ ಮಾಡಲಾಗಿತ್ತು. ಬಿಜಾಪುರದ ಆದಿಲಶಾಹಿ ರಾಜ್ಯವನ್ನು ರಾಜಪ್ರತಿನಿಧಿಯಾಗಿ ಆಳಿದ ಚಾಂದ್ ಬೀಬಿಯ ಹೆಸರನ್ನು ಅದಕ್ಕೆ ಇಡಲಾಗಿತ್ತು. 1944ರಲ್ಲಿ ಇಂಫಾಲದಿಂದ ಹಿಮ್ಮೆಟ್ಟಿದ ಸೈನಿಕರು ಮಲೇರಿಯ, ಆಮಶಂಕೆ ಮತ್ತು ಹಸಿವಿನಿಂದ ಬಸವಳಿದು ಬಂದಾಗ ಬರ್ಮಾದ ಮೇಮ್ಯೊ ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಂಡವರು ಇವರು.

ಯುರೋಪಿನಲ್ಲಿ ಯುದ್ಧ ಮುಗಿಯುತ್ತಿದ್ದಾಗ ತರಬೇತಿ ಪೂರ್ತಿಯಾಗದ ಎಳೆಯರ ಮೇಲೆ ಬಿದ್ದ ಅತಿ ದೊಡ್ಡ ಹೊರೆ ಬರ್ಗನ್-ಬೆಲ್ಸನ್ ಸೆರೆಶಿಬಿರದ್ದು. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಆ ಶಿಬಿರದ ಒಳಹೊಕ್ಕಾಗ ಸುಮಾರು 60,000 ಕೈದಿಗಳು, ಅವರ ನಡುವೆ ಹೂಳದ ಸಾವಿರಾರು ಹೆಣಗಳು, ಟೈಫಸ್ ಜ್ವರ. ಹಾಲೆಂಡಿನ ಹಸಿದ ಮಕ್ಕಳಿಗೆ ನೆರವಾಗಲೆಂದು ಹೆಸರು ಕೊಟ್ಟಿದ್ದ ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ 96 ಮಂದಿಯನ್ನು, ಹೊರಡುವ ಹೊತ್ತಿಗೆ ದಾರಿ ಬದಲಿಸಿ, ಇಲ್ಲಿಗೆ ಕಳಿಸಲಾಯಿತು. ಇಪ್ಪತ್ತು, ಇಪ್ಪತ್ತೊಂದರ ಆಸುಪಾಸಿನ ಇವರು ಪ್ರಾಪ್ತ ವಯಸ್ಸಿನ ಹೊಸ್ತಿಲಲ್ಲಿದ್ದವರು, ಇನ್ನೂ ವೈದ್ಯರಾಗಿರದವರು. ಒಬ್ಬೊಬ್ಬರಿಗೆ ನೂರಾರು ರೋಗಿಗಳಿದ್ದ ಗುಡಿಸಲುಗಳನ್ನು ಹಂಚಲಾಯಿತು. ಬದುಕಿರುವವರನ್ನು ಸತ್ತವರಿಂದ ಬೇರ್ಪಡಿಸುವುದು ಮೊದಲ ಕೆಲಸ. ನಡೆಯಲಾರದವರ ಬಾಯಿಗೆ ಆಹಾರ ತಲುಪುವಂತೆ ನೋಡಿಕೊಳ್ಳುವುದು ಎರಡನೆಯದು. ಬಹುದಿನ ಉಪವಾಸವಿದ್ದ ದೇಹ ಒಮ್ಮೆಲೇ ಕೊಬ್ಬಿನ ಆಹಾರವನ್ನು ತಾಳದೆ ಸತ್ತುಹೋಗಬಹುದೆಂಬುದು ಮೊದಲ ದಿನಗಳಲ್ಲಿಯೇ ಕಂಡುಬಂದಿತ್ತು. 1943ರ ಬಂಗಾಳದ ಕ್ಷಾಮದಲ್ಲಿ ಬಳಸಿದ್ದ, ಹಾಲಿನ ಪುಡಿ, ಹಿಟ್ಟು, ಸಕ್ಕರೆ ಮತ್ತು ನೀರು ಕೂಡಿಸಿದ ‘ಬೆಂಗಾಲ್ ಫ್ಯಾಮಿನ್ ಮಿಕ್ಸ್‌ಚರ್’ ಅನ್ನು ಇಲ್ಲಿಯೂ ಮಾಡಿದಾಗ, ಅದರ ಅತಿ ಸಿಹಿ ಪೂರ್ವ ಯುರೋಪಿನ ಕೈದಿಗಳಿಗೆ ಒಗ್ಗಲಿಲ್ಲ. ಪ್ರೋಟೀನು ದ್ರವವನ್ನು ಸೂಜಿಯ ಮೂಲಕ ಕೊಡಲು ಹೋದರೆ, ನಾಜಿ ವೈದ್ಯರ ಸೂಜಿಗಳನ್ನು ಕಂಡಿದ್ದ ಅವರು ಭಯದಿಂದ ಕಿರುಚುತ್ತಿದ್ದರು. ಕಡೆಗೆ ಸಪ್ಪೆ ಗಂಜಿಯನ್ನೂ ಹಾಲನ್ನೂ ಸ್ವಲ್ಪಸ್ವಲ್ಪವಾಗಿ, ಪ್ರತಿಯೊಬ್ಬರ ಪಕ್ಕದಲ್ಲಿ ಕುಳಿತು ಕುಡಿಸುವ ತಾಳ್ಮೆಯೇ ಫಲಿಸಿತು. ವಿಮೋಚನೆಯ ಬಳಿಕವೂ ಸುಮಾರು 13,000 ಮಂದಿ ಸತ್ತರು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಟೈಫಸ್, ಕ್ಷಯ ತಗುಲಿತು; ಅಲ್ಲಿ ಕಂಡದ್ದನ್ನು ಹಲವರು ದಶಕಗಳವರೆಗೆ ಬಾಯಿಬಿಟ್ಟು ಹೇಳಲಿಲ್ಲ.

ಈ ಮೌನ ಬೆಲ್ಸನ್‌ಗೆ ಮಾತ್ರ ಸೀಮಿತವಾದದ್ದಲ್ಲ. ಸೈನಿಕನಿಗೆ ನಿವೃತ್ತಿವೇತನ, ಪದಕ, ಸ್ಮಾರಕ, ಮರಳಿದ ಮೇಲೆ ಒಡನಾಡಿಗಳ ಸಂಘ ಎಂಬ ಆಸರೆಗಳಿದ್ದರೆ, ಸ್ವಯಂಸೇವಕರಿಗೆ ಅವುಗಳಲ್ಲಿ ಬಹುಪಾಲು ಸಿಗುತ್ತಿರಲಿಲ್ಲ. ತಾನಾಗಿ ಆರಿಸಿಕೊಂಡು ಹೋದವಳು ದೂರು ಹೇಳಬಾರದೆಂಬ ಭಾವನೆ ಸಮಾಜದಲ್ಲಿಯೂ ಅವಳಲ್ಲಿಯೂ ಇತ್ತು. ಹದಿನೆಂಟರ ಹುಡುಗಿಯ ಆಯ್ಕೆಯನ್ನು ಸ್ವತಂತ್ರ ಆಯ್ಕೆಯೆಂದು ಎಷ್ಟರಮಟ್ಟಿಗೆ ಕರೆಯಬಹುದೆಂಬ ಪ್ರಶ್ನೆ, ಅವಳಿಗೆ ಮತದಾನದ ಹಕ್ಕೂ ತನ್ನ ಆಸ್ತಿಯ ಮೇಲಿನ ಹಿಡಿತವೂ ಇಲ್ಲದ ಕಾಲದಲ್ಲಿ, ಇನ್ನೂ ತೀಕ್ಷ್ಣವಾಗುತ್ತದೆ. ಮೈರಿ ಚಿಜಂ ವಿಷಾನಿಲದಿಂದ ಕೆಟ್ಟ ಆರೋಗ್ಯದೊಂದಿಗೆ ಬದುಕುತ್ತ, ಕೋಳಿ ಸಾಕಣೆಯಿಂದ ಜೀವನ ನಡೆಸಿ 1981ರಲ್ಲಿ ತೀರಿಕೊಂಡರು. ಮೈರಿ ಮತ್ತು ಎಲ್ಸಿ ಇಬ್ಬರ ಪ್ರತಿಮೆ ಬೆಲ್ಜಿಯಂನ ಈಪರ್ ಪಟ್ಟಣದಲ್ಲಿ ನಿಂತದ್ದು 2014ರಲ್ಲಿ. ಇಂಥವರ ಸೇವೆಯಿಂದ ಬದುಕಿ ಉಳಿದವರು ಎಷ್ಟೋ ಮಂದಿ ಇರುವುದರಿಂದ ಅವರು ಹೋಗಬಾರದಿತ್ತು ಎಂದು ಈಗ ಕುಳಿತು ಹೇಳುವುದು ಕೃತಘ್ನತೆಯಾದೀತು. ಅವರನ್ನು ಕಳಿಸಿದವರು ಮರಳಿದ ಮೇಲೆ ನೋಡಿಕೊಳ್ಳಬೇಕಾಗಿತ್ತು ಎನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ.

ಕಾನೂನಿನ ಬೆಳವಣಿಗೆ ಹೆಚ್ಚಾಗಿ ಆಯುಧ ಹಿಡಿಯುವ ಮಕ್ಕಳ ಸುತ್ತಲೇ ನಡೆದಿದೆ. 1949ರ ಜಿನೀವಾ ಒಪ್ಪಂದಗಳು ರೆಡ್ ಕ್ರಾಸ್ ಸಂಘಗಳ ಸಿಬ್ಬಂದಿಗೂ, ತಟಸ್ಥ ದೇಶದಿಂದ ಬರುವ ಸಂಘಗಳಿಗೂ ರಕ್ಷಣೆ ಕೊಟ್ಟರೂ ಅವರ ಕನಿಷ್ಠ ವಯಸ್ಸನ್ನು ಹೇಳಲಿಲ್ಲ. 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್ ಮತ್ತು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ, 15 ತುಂಬದವರು ಹೋರಾಟದಲ್ಲಿ ನೇರವಾಗಿ ಭಾಗವಹಿಸದಂತೆ ನೋಡಿಕೊಳ್ಳಬೇಕೆಂದವು. 2000ದಲ್ಲಿ ಅಂಗೀಕಾರವಾಗಿ 2002ರಲ್ಲಿ ಜಾರಿಗೆ ಬಂದ, ಭಾರತ 2005ರಲ್ಲಿ ಒಪ್ಪಿದ ಐಚ್ಛಿಕ ಪ್ರೋಟೊಕಾಲ್ ಈ ಗಡಿಯನ್ನು 18ಕ್ಕೆ ಏರಿಸಿತು. ಸ್ವಇಚ್ಛೆಯಿಂದ ಸೇನೆಗೆ ಸೇರುವ ಕಿರಿಯರ ವಿಷಯದಲ್ಲಿ ಪೋಷಕರ ತಿಳಿದು ಕೊಟ್ಟ ಒಪ್ಪಿಗೆಯನ್ನೂ ವಯಸ್ಸಿನ ನಂಬಲರ್ಹ ದಾಖಲೆಯನ್ನೂ ಕಡ್ಡಾಯ ಮಾಡಿತು. ಆದರೆ ನೇರ ಭಾಗವಹಿಸುವಿಕೆ ಎಂಬ ಮಾತಿನೊಳಗೆ ಗಾಯ ಕಟ್ಟುವ ಕೆಲಸ ಬರುವುದಿಲ್ಲ. ಈ ತೆರಪನ್ನು ಭಾಗಶಃ ಮುಚ್ಚಿದ್ದು 2007ರ ಪ್ಯಾರಿಸ್ ತತ್ತ್ವಗಳು: ಸಶಸ್ತ್ರ ಪಡೆ ಅಥವಾ ಗುಂಪು ಯಾವುದೇ ಕೆಲಸಕ್ಕೆ ಬಳಸಿಕೊಂಡ 18ರೊಳಗಿನ ಪ್ರತಿಯೊಬ್ಬರನ್ನೂ, ಅಡುಗೆಯವರು, ಹೊರೆಯಾಳುಗಳು, ಓಲೆಕಾರರನ್ನೂ ಸೇರಿಸಿ, ಅವು ರಕ್ಷಣೆಗೆ ಅರ್ಹರೆಂದು ಪರಿಗಣಿಸುತ್ತವೆ. 2012ರಲ್ಲಿ ಕಾಂಗೋದ ಥಾಮಸ್ ಲುಬಾಂಗಾ ಪ್ರಕರಣದ ತೀರ್ಪಿನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಮಗುವನ್ನು ಅಪಾಯಕ್ಕೆ ಗುರಿಯಾಗಿಸುವ ಬೆಂಬಲದ ಕೆಲಸವನ್ನೂ ಹೋರಾಟದಲ್ಲಿ ಬಳಸಿಕೊಂಡಂತೆ ಎಣಿಸಬಹುದೆಂದಿತು. ಸಶಸ್ತ್ರ ಪಡೆಗೆ ಸೇರದ ಪರಿಹಾರ ಸಂಸ್ಥೆಗಳ ಮಟ್ಟಿಗೆ ಈಗಲೂ ಆಯಾ ಸಂಸ್ಥೆಯ ಒಳನಿಯಮಗಳೇ ಕಾವಲು. ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು ವೃತ್ತಿಪರ ಅರ್ಹತೆ ಮತ್ತು ಅನುಭವ ಕೇಳುವುದರಿಂದ ಅಲ್ಲಿಗೆ ಹದಿಹರೆಯದವರು ತಲುಪಲಾರರು. ತರಾತುರಿಯಲ್ಲಿ ಹುಟ್ಟುವ ಖಾಸಗಿ ತಂಡಗಳಿಗೆ ಈ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ.

ಮಕ್ಕಳ ಸೇವಾಸಕ್ತಿಗೆ ಯುದ್ಧರಂಗದಿಂದ ದೂರದಲ್ಲಿಯೇ ಕೆಲಸ ಒದಗಿಸುವ ಯತ್ನವೂ ಮೊದಲನೆಯ ಮಹಾಯುದ್ಧದಲ್ಲಿಯೇ ಆರಂಭವಾಯಿತು. ಕೆನಡ ಮತ್ತು ಆಸ್ಟ್ರೇಲಿಯದ ಶಾಲಾಮಕ್ಕಳು ಬ್ಯಾಂಡೇಜು ಸುತ್ತಿ, ಕಾಲುಚೀಲ ಹೆಣೆದು ಕಳಿಸುತ್ತಿದ್ದುದು ಜೂನಿಯರ್ ರೆಡ್ ಕ್ರಾಸ್ ಆಗಿ ಬೆಳೆಯಿತು. ಅಮೆರಿಕದಲ್ಲಿ ಅದು 1917ರಲ್ಲಿ ಸ್ಥಾಪನೆಯಾಯಿತು. 1920ರಲ್ಲಿ ಭಾರತೀಯ ರೆಡ್ ಕ್ರಾಸ್ ಸಂಸ್ಥೆ ಅಸ್ತಿತ್ವಕ್ಕೆ ಬಂದ ಬಳಿಕ ಈ ಪದ್ಧತಿ ಇಲ್ಲಿನ ಶಾಲೆಗಳಿಗೂ ಹಬ್ಬಿ, ಇಂದು ಕರ್ನಾಟಕದ ಪ್ರೌಢಶಾಲೆಗಳಲ್ಲಿ ಜೂನಿಯರ್ ರೆಡ್ ಕ್ರಾಸ್, ಕಾಲೇಜುಗಳಲ್ಲಿ ಯೂತ್ ರೆಡ್ ಕ್ರಾಸ್ ಘಟಕಗಳ ರೂಪದಲ್ಲಿದೆ. ಅವುಗಳಲ್ಲಿ ಪ್ರಥಮ ಚಿಕಿತ್ಸೆ, ನೈರ್ಮಲ್ಯ ಮತ್ತು ರಕ್ತದಾನದ ತಿಳಿವಳಿಕೆಯ ಜೊತೆಗೆ ಜಿನೀವಾ ಒಪ್ಪಂದಗಳ ಪರಿಚಯವನ್ನೂ ಮಾಡಿಕೊಡಲಾಗುತ್ತದೆ.